ಚಿತ್ರಕಥೆ ಬರೆಯುವವರು ನಿಜಕ್ಕೂ ಏನು ಮಾಡುತ್ತಾರೆ? ಜಾನ್-ಕ್ಲೋಡ್ ಕ್ಯಾರಿಯೇರ್ ಅವರ ಅರವತ್ತು ವರ್ಷದ ಕಸುಬು

ಸಿನಿಮಾ ಓಡದಿದ್ದರೆ ಈಗ ಎಲ್ಲರ ಬಾಯಲ್ಲೂ ಒಂದೇ ತೀರ್ಪು: ‘ಸ್ಕ್ರಿಪ್ಟ್ ವೀಕು.’ ಥಿಯೇಟರಿನಿಂದ ಹೊರಗೆ ಬರುವವರು ಹೇಳುತ್ತಾರೆ, ವಿಮರ್ಶಕರು ಬರೆಯುತ್ತಾರೆ, ನಿರ್ಮಾಪಕರೂ ‘ನಮ್ಮಲ್ಲಿ ಬರಹಗಾರರೇ ಇಲ್ಲ’ ಎಂದು ಕೊರಗುತ್ತಾರೆ. ಆದರೆ ಆ ಬರಹಗಾರ ಕೂತು ಮಾಡುವ ಕೆಲಸ ಏನು ಅಂತ ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ನಮ್ಮ ಟೈಟಲ್ ಕಾರ್ಡುಗಳಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ನಾಲ್ಕೂ ಒಂದೇ ಹೆಸರಿನ ಮುಂದೆ ಸಾಲಾಗಿ ಬರುವುದು ಜಾಸ್ತಿ. ಹಾಗಿರುವಾಗ ಚಿತ್ರಕಥೆ ಬರೆಯುವುದೇ ಒಂದು ಕಸುಬು, ಅದರಲ್ಲೇ ಜೀವನ ಪೂರ್ತಿ ಕಳೆಯಬಹುದು ಎಂದರೆ ನಂಬುವುದು ಸ್ವಲ್ಪ ಕಷ್ಟ, ಅಲ್ವಾ?

ಫ್ರಾನ್ಸಿನ ಜಾನ್-ಕ್ಲೋಡ್ ಕ್ಯಾರಿಯೇರ್ ಹಾಗೆ ಕಳೆದವರು. 1931ರಲ್ಲಿ ಹುಟ್ಟಿ, 2021ರ ಫೆಬ್ರುವರಿಯಲ್ಲಿ ತಮ್ಮ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಟಿವಿ ಸೇರಿಸಿದರೆ ನೂರಕ್ಕೂ ಹೆಚ್ಚು ಚಿತ್ರಕಥೆಗಳಲ್ಲಿ ಅವರ ಕೈ ಇದೆ. ಮಾತೇ ಇಲ್ಲದ ಹಾಸ್ಯ ಚಿತ್ರ, ಅಪರಾಧ ಕಥೆ, ಪದ್ಯದಲ್ಲೇ ನಡೆಯುವ ಸಿನಿಮಾ, ಕೊನೆಗೆ ನಮ್ಮ ಮಹಾಭಾರತ. ಒಬ್ಬರೇ ಇಷ್ಟೊಂದು ಬಗೆಯದನ್ನು ಬರೆದದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ಚಿತ್ರಕಥೆ ಎಂಬ ಕೆಲಸವೂ ಅರ್ಥವಾಗುತ್ತದೆ.

ಕಥೆ ಬೇರೆ, ಚಿತ್ರಕಥೆ ಬೇರೆ

ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳೋಣ. ಕಥೆ ಎಂದರೆ ಏನಾಯಿತು ಎಂಬುದು. ಅದನ್ನು ಎರಡು ನಿಮಿಷದಲ್ಲಿ ಬಾಯಲ್ಲೇ ಹೇಳಬಹುದು. ಸಂಭಾಷಣೆ ಎಂದರೆ ಪಾತ್ರಗಳು ಆಡುವ ಮಾತು. ಇವೆರಡರ ನಡುವೆ ಇರುವುದು ಚಿತ್ರಕಥೆ. ಕಥೆಯನ್ನು ಯಾವ ದೃಶ್ಯದಿಂದ ಶುರು ಮಾಡಬೇಕು, ಯಾವುದನ್ನು ತೋರಿಸಬೇಕು, ಯಾವುದನ್ನು ಬಚ್ಚಿಡಬೇಕು, ಒಂದು ದೃಶ್ಯ ಎಲ್ಲಿ ನಿಂತು ಇನ್ನೊಂದು ಎಲ್ಲಿ ಹುಟ್ಟಬೇಕು ಎಂಬ ತೀರ್ಮಾನಗಳೆಲ್ಲ ಇಲ್ಲಿ ಆಗುತ್ತವೆ.

ಕಾದಂಬರಿಯಲ್ಲಿ ‘ಅವನಿಗೆ ತನ್ನ ಬಾಲ್ಯ ನೆನಪಾಗಿ ಬೇಸರವಾಯಿತು’ ಎಂದು ಬರೆದರೆ ಆಯಿತು. ಚಿತ್ರಕಥೆಯಲ್ಲಿ ಹಾಗೆ ಬರೆದರೆ ಕ್ಯಾಮೆರಾ ಹಿಡಿದವರು ಏನು ಮಾಡಬೇಕು? ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಇಷ್ಟೇ ಅಲ್ಲಿ ನಡೆಯುವ ನಾಣ್ಯ.

ಇನ್ನೊಂದು ವಿಷಯ. ಚಿತ್ರಕಥೆ ಓದುಗರಿಗಾಗಿ ಬರೆದ ಸಾಹಿತ್ಯವಲ್ಲ, ಕೆಲಸದ ಕಾಗದ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಬರೆದುಕೊಡುವ ಸಾಮಾನಿನ ಚೀಟಿ ನೋಡಿ. ಅಂಗಡಿಯವರು ಅದರಲ್ಲಿ ಬೇಳೆ ಬೆಲ್ಲ ನೋಡುತ್ತಾರೆ, ಪಾತ್ರೆಯವರು ಹಂಡೆ ಲೆಕ್ಕ ಹಾಕುತ್ತಾರೆ, ಮನೆಯ ಯಜಮಾನರು ಖರ್ಚು ನೋಡುತ್ತಾರೆ. ಊಟ ಮುಗಿದ ಮೇಲೆ ಆ ಚೀಟಿ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಕ್ಯಾರಿಯೇರ್ ಅವರೂ ಇದೇ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಸಿನಿಮಾ ತಯಾರಾದ ಮೇಲೆ ಚಿತ್ರಕಥೆ ಕಸದ ಬುಟ್ಟಿಗೆ. ಅವರಿಗೆ ಅದರ ಬಗ್ಗೆ ದುಃಖ ಇದ್ದಂತೆ ಕಾಣುವುದಿಲ್ಲ.

ದ್ರಾಕ್ಷಿ ತೋಟದಿಂದ ಎಡಿಟಿಂಗ್ ಟೇಬಲ್ಲಿಗೆ

ಕ್ಯಾರಿಯೇರ್ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಎರೋ ಪ್ರಾಂತ್ಯದ ಕೊಲೊಂಬಿಯೇರ್ ಎಂಬ ಸಣ್ಣ ಹಳ್ಳಿಯಲ್ಲಿ. ಅಪ್ಪ ಅಮ್ಮ ದ್ರಾಕ್ಷಿ ಬೆಳೆದು ವೈನ್ ಮಾಡುವ ರೈತರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಕುಟುಂಬ ಪ್ಯಾರಿಸ್ ಪಕ್ಕದ ಮೋಂತ್ರೇ ಎಂಬ ಊರಿಗೆ ಬಂತು, ಅಲ್ಲಿ ಅವರು ಒಂದು ಕೆಫೆ ನಡೆಸಿದರು. ಹುಡುಗ ಓದಿನಲ್ಲಿ ಚುರುಕು. ಇತಿಹಾಸ ಓದಿ, 1957ರಲ್ಲಿ ಮೊದಲ ಕಾದಂಬರಿ ಪ್ರಕಟಿಸಿದ. ಅದೇ ಕಾಲದಲ್ಲಿ ಹೊಟ್ಟೆಪಾಡಿಗೆ ಬೇರೆ ಹೆಸರಿನಲ್ಲಿ ಫ್ರಾಂಕೆನ್‌ಸ್ಟೈನ್ ಸರಣಿಯ ಭಯಾನಕ ಕಾದಂಬರಿಗಳನ್ನೂ ಬರೆದ.

ಸಿನಿಮಾಕ್ಕೆ ಬಂದ ದಾರಿ ವಿಚಿತ್ರ. ಹಾಸ್ಯ ನಟ, ನಿರ್ದೇಶಕ ಜಾಕ್ ತಾತಿ ಅವರ ಸಿನಿಮಾಗಳನ್ನು ಪುಸ್ತಕ ರೂಪದಲ್ಲಿ ತರಲು ಪ್ರಕಾಶಕರೊಬ್ಬರು ಹೊರಟರು. ಬರೆಯುವ ಅವಕಾಶ ಕ್ಯಾರಿಯೇರ್ ಪಾಲಿಗೆ ಬಂತು. ಅಂದರೆ ಇವರು ಶುರು ಮಾಡಿದ್ದೇ ಉಲ್ಟಾ: ಸಿನಿಮಾ ನೋಡಿ ಕಾದಂಬರಿ ಬರೆಯುವ ಕೆಲಸ.

ತಾತಿ ಅವರ ಮೊದಲ ಪ್ರಶ್ನೆ, ಸಿನಿಮಾ ಬಗ್ಗೆ ನಿನಗೇನು ಗೊತ್ತು? ಸಿನಿಮಾ ಎಂದರೆ ಪ್ರಾಣ, ವಾರಕ್ಕೆ ಹಲವು ಸಲ ಹೋಗುತ್ತೇನೆ ಎಂದ ಯುವಕ. ಅದಲ್ಲ, ಸಿನಿಮಾ ಹೇಗೆ ಮಾಡುತ್ತಾರೆ ಗೊತ್ತಾ ಎಂದರು ತಾತಿ. ಗೊತ್ತಿಲ್ಲ. ಕೂಡಲೇ ತಮ್ಮ ಎಡಿಟರ್ ಸೂಝಾನ್ ಬಾರೋನ್ ಅವರನ್ನು ಕರೆದು, ಇವನಿಗೆ ಸಿನಿಮಾ ಅಂದರೇನು ತೋರಿಸು ಎಂದರು. ಆಕೆ ಎಡಿಟಿಂಗ್ ಟೇಬಲ್ಲಿನ ಮೇಲೆ ಒಂದು ಕಡೆ ತಾತಿ ಸಿನಿಮಾದ ಸ್ಕ್ರಿಪ್ಟ್ ಇಟ್ಟರು, ಇನ್ನೊಂದು ಕಡೆ ರೀಲು ಹಾಕಿದರು. ಇದರಿಂದ ಅದಕ್ಕೆ ಹೋಗುವುದರಲ್ಲೇ ಎಲ್ಲ ಇದೆ ಎಂದರಂತೆ. ಆಮೇಲೆ ಕಾಗದದ ಒಂದೊಂದು ಸಾಲನ್ನೂ ರೀಲಿನ ಒಂದೊಂದು ಚೌಕಟ್ಟಿನ ಜೊತೆ ಹೋಲಿಸಿ ತೋರಿಸಿದರು. ಕಾಗದದಲ್ಲಿದ್ದದ್ದು ಚಿತ್ರದಲ್ಲಿ ಎಲ್ಲಿ ಉಳಿಯಿತು, ಎಲ್ಲಿ ಉದುರಿಹೋಯಿತು, ಯಾಕೆ? ಫಿಲಂ ಸ್ಕೂಲಿನ ಮೂರು ವರ್ಷಕ್ಕೆ ಸಮ ಅನ್ನಿಸುವ ಪಾಠ ಇದು.

ತಾತಿ ಅವರ ಬಳಗದಲ್ಲೇ ಪಿಯೆರ್ ಎತೆ ಎಂಬ ಚಿತ್ರಕಾರ, ಹಾಸ್ಯ ನಟನ ಗೆಳೆತನವಾಯಿತು. ಇಬ್ಬರೂ ಸೇರಿ ಕಿರುಚಿತ್ರ ಮಾಡಿದರು. 1962ರ ಒಂದು ಚಿತ್ರದಲ್ಲಿ ಕಥೆ ಇಷ್ಟೇ: ಮದುವೆ ವಾರ್ಷಿಕೋತ್ಸವ, ಹೆಂಡತಿ ಮನೆಯಲ್ಲಿ ಊಟ ಬಡಿಸಿ ಕಾಯುತ್ತಿದ್ದಾಳೆ, ಗಂಡ ಉಡುಗೊರೆ ಹಿಡಿದು ಪ್ಯಾರಿಸ್ಸಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾನೆ. ಮಾತಿಗೆ ಅಲ್ಲಿ ಕೆಲಸವೇ ಇಲ್ಲ. ಈ ಪುಟ್ಟ ಚಿತ್ರಕ್ಕೆ ಆಸ್ಕರ್ ಬಂತು. ‘ಚಿತ್ರಕಥೆ ಅಂದರೆ ಡೈಲಾಗ್’ ಎಂದು ತಿಳಿದವರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಆಗ ಫ್ರಾನ್ಸಿನಲ್ಲಿ ಬರಹಗಾರರ ಬೆಲೆ

ಇವರು ಕಸುಬು ಶುರು ಮಾಡಿದ ಕಾಲ ಬರಹಗಾರರಿಗೆ ಒಳ್ಳೆಯದಾಗಿರಲಿಲ್ಲ. 1954ರಲ್ಲಿ ಫ್ರಾನ್ಸ್ವಾ ತ್ರೂಫೋ ಎಂಬ ಇಪ್ಪತ್ತರ ಹರೆಯದ ವಿಮರ್ಶಕ ಒಂದು ಖಾರವಾದ ಲೇಖನ ಬರೆದರು. ಪ್ರಸಿದ್ಧ ಕಾದಂಬರಿಗಳನ್ನು ನೀಟಾಗಿ ಚಿತ್ರಕಥೆ ಮಾಡಿಕೊಡುವ ಬರಹಗಾರರೇ ಫ್ರೆಂಚ್ ಸಿನಿಮಾವನ್ನು ಹಾಳು ಮಾಡಿದ್ದಾರೆ, ನಿರ್ದೇಶಕ ಅವರ ಕೈಗೊಂಬೆಯಾಗಿದ್ದಾನೆ ಎಂಬುದು ಅದರ ಸಾರ. ಅಲ್ಲಿಂದ ಬೆಳೆದ ವಾದ, ಸಿನಿಮಾದ ನಿಜವಾದ ಕರ್ತೃ ನಿರ್ದೇಶಕ. ಇದಕ್ಕೇ ಆಟರ್ ಸಿದ್ಧಾಂತ ಎನ್ನುವುದು. ಮುಂದೆ ತಾವೇ ನಿರ್ದೇಶಕರಾಗಿ ‘ಹೊಸ ಅಲೆ’ ಎಂಬ ಪಂಥ ಕಟ್ಟಿದ ತ್ರೂಫೋ, ಗೊದಾರ್ ಮುಂತಾದವರು ಹೊರಗಿನ ವೃತ್ತಿಪರ ಬರಹಗಾರರ ಮೇಲೆ ಹೆಚ್ಚು ಆತುಕೊಳ್ಳಲಿಲ್ಲ.

ಅಂಥ ಹೊತ್ತಿನಲ್ಲಿ ಕ್ಯಾರಿಯೇರ್ ‘ನಾನು ಬರಹಗಾರ ಮಾತ್ರ’ ಎಂದು ನಿಂತರು. ನಿರ್ದೇಶಕರ ಜೊತೆ ಜಗಳಕ್ಕೂ ಇಳಿಯಲಿಲ್ಲ. ಅವರ ನಿಲುವು ಸರಳ: ಸಿನಿಮಾ ನಿರ್ದೇಶಕನದು, ಅವನು ಯಾವ ಸಿನಿಮಾ ಮಾಡಬೇಕೆಂದಿದ್ದಾನೋ ಅದನ್ನು ಕಂಡುಹಿಡಿಯಲು ನೆರವಾಗುವುದು ನನ್ನ ಕೆಲಸ. ಮುಂದೆ, 1980ರಲ್ಲಿ, ಗೊದಾರ್ ಕೂಡ ಒಂದು ಸಿನಿಮಾಕ್ಕೆ ಇವರ ನೆರವು ಪಡೆದರು.

ಬುನ್ಯುಯೆಲ್ ಜೊತೆ: ಮೂರು ಹೊತ್ತು ಊಟ, ದಿನಕ್ಕೊಂದು ಕಥೆ

1963ರಲ್ಲಿ ಸ್ಪೇನಿನ ಹೆಸರಾಂತ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಫ್ರೆಂಚ್ ಬರಹಗಾರರೊಬ್ಬರನ್ನು ಹುಡುಕುತ್ತಿದ್ದರು. ಕಾನ್ ಚಿತ್ರೋತ್ಸವದಲ್ಲಿ ಭೇಟಿ. ಬುನ್ಯುಯೆಲ್‌ಗೆ ಅರವತ್ತಮೂರು, ಇವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಹಿರಿಯರು ಗಂಭೀರವಾಗಿ ಕೇಳಿದ ಮೊದಲ ಪ್ರಶ್ನೆ: ನೀವು ವೈನ್ ಕುಡಿಯುತ್ತೀರಾ? ಕುಡಿಯುವುದಷ್ಟೇ ಅಲ್ಲ, ನಮ್ಮ ಮನೆಯಲ್ಲಿ ಮಾಡುತ್ತೇವೆ ಎಂದರು ಕ್ಯಾರಿಯೇರ್. ಅಲ್ಲಿಗೆ ಸಂದರ್ಶನ ಹೆಚ್ಚುಕಡಿಮೆ ಮುಗಿಯಿತು. ಬುನ್ಯುಯೆಲ್ 1983ರಲ್ಲಿ ಸಾಯುವವರೆಗೂ ಆ ನಂಟು ಇತ್ತು. ಆರು ಸಿನಿಮಾ, ಜೊತೆಗೆ ಬುನ್ಯುಯೆಲ್ ಅವರ ಆತ್ಮಕಥೆಯ ಬರವಣಿಗೆ.

ಅವರ ಕೆಲಸದ ರೀತಿ ಕೇಳುವಂಥದ್ದು. ಇಬ್ಬರೂ ಊರಾಚೆಯ ಹೋಟೆಲ್ಲಿಗೆ ಹೋಗಿಬಿಡುತ್ತಿದ್ದರು. ಸ್ಪೇನಿನಲ್ಲಾದರೆ ಮ್ಯಾಡ್ರಿಡ್ ಹತ್ತಿರದ ಎಲ್ ಪೌಲಾರ್ ಎಂಬ ಹಳೇ ಮಠ, ಮೆಕ್ಸಿಕೋದಲ್ಲಾದರೆ ಸಾನ್ ಹೊಸೆ ಪುರೂವಾ. ಹೆಂಡತಿ ಮಕ್ಕಳಿಲ್ಲ, ಗೆಳೆಯರಿಲ್ಲ. ಬೆಳಿಗ್ಗೆ ಮೂರು ಗಂಟೆ ಹೊತ್ತು, ಮಧ್ಯಾಹ್ನದ ಮೇಲೆ ಇನ್ನೂ ಮೂರು ಗಂಟೆ ಹೊತ್ತು ಮಾತು. ಮೂರು ಹೊತ್ತೂ ಎದುರುಬದುರು ಕೂತು ಊಟ. ಹಾಗೆ ಎರಡು ಸಾವಿರಕ್ಕೂ ಜಾಸ್ತಿ ಊಟ ಮಾಡಿದ್ದೇವೆ ಎಂದು ಕ್ಯಾರಿಯೇರ್ ಲೆಕ್ಕ ಹೇಳುತ್ತಿದ್ದರು. ಎಷ್ಟೋ ಗಂಡ ಹೆಂಡಿರಿಗೂ ಇಷ್ಟು ಸಾಧ್ಯವಾಗುವುದಿಲ್ಲ!

ಸಂಜೆ ಒಂದು ವ್ಯಾಯಾಮ. ಬುನ್ಯುಯೆಲ್ ಬಾರಿನಲ್ಲಿ, ಕ್ಯಾರಿಯೇರ್ ತಮ್ಮ ಕೋಣೆಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಕೂರಬೇಕು. ಆಮೇಲೆ ಸೇರಿದಾಗ ಇಬ್ಬರೂ ಒಂದೊಂದು ಹೊಸ ಕಥೆ ಹೇಳಲೇಬೇಕು. ಬರೆಯುತ್ತಿರುವ ಸಿನಿಮಾಕ್ಕೆ ಸಂಬಂಧ ಇರಬೇಕಿಲ್ಲ, ಚೆನ್ನಾಗಿಯೂ ಇರಬೇಕಿಲ್ಲ. ಕಲ್ಪನೆಯೂ ಮೈಯಿನ ಸ್ನಾಯು ಇದ್ದಂತೆ, ದಿನಾ ದುಡಿಸಿದರೆ ಬಲ ಬರುತ್ತದೆ ಎಂಬುದು ಇಬ್ಬರ ನಂಬಿಕೆ. ಹಗಲು ಕೆಲಸ ಮಾಡುವಾಗ ಇಬ್ಬರಿಗೂ ವೀಟೋ ಅಧಿಕಾರ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹಿಡಿಸದಿದ್ದರೆ ಆ ಕ್ಷಣವೇ ‘ಬೇಡ’ ಎನ್ನಬೇಕು. ವಾದ ಇಲ್ಲ, ಕಾರಣ ಕೇಳುವಂತಿಲ್ಲ. ಕಾರಣ ಹುಡುಕಲು ಕೂತರೆ ಬುದ್ಧಿ ಅಡ್ಡ ಬರುತ್ತದೆ ಎಂಬ ಎಚ್ಚರ.

ಒಂದು ಉದಾಹರಣೆ ನೋಡೋಣ. ನಿರ್ಮಾಪಕ ಸೆರ್ಜ್ ಸಿಲ್ಬರ್‌ಮನ್ ಒಮ್ಮೆ ತಮ್ಮ ಮನೆಯ ಪಜೀತಿ ಹೇಳಿದರು. ಕೆಲವರನ್ನು ರಾತ್ರಿ ಊಟಕ್ಕೆ ಕರೆದಿದ್ದರು, ಹೆಂಡತಿಗೆ ಹೇಳುವುದು ಮರೆತಿದ್ದರು, ತಾವೇ ಬೇರೆ ಕಡೆ ಊಟಕ್ಕೆ ಹೋಗಿದ್ದರು. ಅತಿಥಿಗಳು ಹೂಗುಚ್ಛ ಹಿಡಿದು ಬಾಗಿಲಲ್ಲಿ ನಿಂತರೆ, ಆಕೆ ಊಟ ಮುಗಿಸಿ ಮಲಗುವ ಬಟ್ಟೆಯಲ್ಲಿದ್ದರು. ಇದೇ ಬೀಜ. ಆರು ಜನ ಶ್ರೀಮಂತ ಗೆಳೆಯರು ಸೇರಿ ಊಟ ಮಾಡಬೇಕೆಂದು ಹೊರಡುತ್ತಾರೆ, ಪ್ರತಿ ಸಲ ಏನೋ ಒಂದು ಅಡ್ಡ ಬರುತ್ತದೆ. ಒಮ್ಮೆ ರೆಸ್ಟೋರೆಂಟಿನ ಪಕ್ಕದ ಕೋಣೆಯಲ್ಲೇ ಮಾಲೀಕನ ಹೆಣ. ಇನ್ನೊಮ್ಮೆ ಊಟದ ಹೊತ್ತಿಗೆ ಸೈನ್ಯದ ತುಕಡಿಯೇ ಮನೆಗೆ ಬರುತ್ತದೆ. ಇನ್ನೂ ಒಮ್ಮೆ ಪರದೆ ಮೇಲೇಳುತ್ತದೆ, ನೋಡಿದರೆ ಅವರು ಕೂತಿರುವುದು ನಾಟಕದ ರಂಗದ ಮೇಲೆ. ಹೀಗೆ ಹುಟ್ಟಿದ್ದು ‘ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ’ (1972).

ನೋಡುವಾಗ ಸುಮ್ನೆ ಮನಸ್ಸಿಗೆ ಬಂದದ್ದನ್ನು ತೆಗೆದಂತಿದೆ. ಆದರೆ ಇದಕ್ಕಾಗಿ ಒಂದಾದ ಮೇಲೊಂದು ಐದು ಕರಡು ಆಗಿದ್ದವು. ತೀರಾ ಸಹಜವಾಗಿದ್ದರೆ ಸಪ್ಪೆ, ತೀರಾ ವಿಚಿತ್ರವಾಗಿದ್ದರೆ ನೋಡುವವರು ಕೈಬಿಡುತ್ತಾರೆ. ಆ ನಡುವಿನ ಗೆರೆ ಹುಡುಕುವುದೇ ಇಲ್ಲಿ ಬರಹಗಾರನ ದುಡಿಮೆ. ಆ ವರ್ಷದ ವಿದೇಶಿ ಭಾಷಾ ಚಿತ್ರದ ಆಸ್ಕರ್ ಈ ಸಿನಿಮಾಕ್ಕೆ ಸಿಕ್ಕಿತು.

ನೋಡುವವರಿಗೆ ಏನು, ಯಾವಾಗ ಗೊತ್ತಾಗಬೇಕು?

ಬುನ್ಯುಯೆಲ್ ಶೈಲಿಯನ್ನೇ ಕ್ಯಾರಿಯೇರ್ ಎಲ್ಲ ಕಡೆ ಹಾಕಿದ್ದರೆ ಅವರ ಬಗ್ಗೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. 1982ರ ‘ದಿ ರಿಟರ್ನ್ ಆಫ್ ಮಾರ್ಟಿನ್ ಗೇರ್’ ನೋಡಿ. ಇದು ಹದಿನಾರನೇ ಶತಮಾನದಲ್ಲಿ ನಿಜವಾಗಿ ನಡೆದ ಪ್ರಕರಣ. ದಕ್ಷಿಣ ಫ್ರಾನ್ಸಿನ ಹಳ್ಳಿಯಿಂದ ಮಾರ್ಟಿನ್ ಎಂಬ ರೈತ ಹೆಂಡತಿ ಮಗುವನ್ನು ಬಿಟ್ಟು ಮಾಯವಾಗುತ್ತಾನೆ. ಎಂಟು ವರ್ಷದ ಮೇಲೆ ಒಬ್ಬ ಬಂದು ‘ನಾನೇ ಮಾರ್ಟಿನ್’ ಎನ್ನುತ್ತಾನೆ. ಊರು ಒಪ್ಪುತ್ತದೆ, ಹೆಂಡತಿಯೂ ಒಪ್ಪುತ್ತಾಳೆ. ಆಸ್ತಿ ವಿಷಯಕ್ಕೆ ಜಗಳ ಎದ್ದಾಗ ಅನುಮಾನ ಶುರುವಾಗುತ್ತದೆ. ಕೇಸು ತುಲೂಸ್ ನ್ಯಾಯಾಲಯ ಮುಟ್ಟುತ್ತದೆ. ಬಂದವನು ಗೆಲ್ಲುವ ಹೊತ್ತಿಗೆ ಮರದ ಕಾಲಿನ ಒಬ್ಬ ಒಳಗೆ ಬರುತ್ತಾನೆ. ನಿಜವಾದ ಮಾರ್ಟಿನ್! ಮೋಸಗಾರನನ್ನು 1560ರಲ್ಲಿ ಗಲ್ಲಿಗೆ ಹಾಕಿದರು.

ಇಲ್ಲಿ ಕಥೆ ಇತಿಹಾಸವೇ ಕೊಟ್ಟದ್ದು. ಹಾಗಾದರೆ ಚಿತ್ರಕಥೆ ಬರೆದವರು ಮಾಡಿದ್ದೇನು? ಬಂದವನು ಮೋಸಗಾರ ಎಂದು ಮೊದಲೇ ತೋರಿಸಿದ್ದರೆ ಇದು ‘ಯಾವಾಗ ಸಿಕ್ಕಿಬೀಳುತ್ತಾನೆ’ ಎಂಬ ಸಿನಿಮಾ ಆಗುತ್ತಿತ್ತು. ಅವರು ಆ ಮಾಹಿತಿಯನ್ನು ತಡೆದು ಹಿಡಿದರು. ಊರಿನವರಿಗೆ ಗೊತ್ತಿದ್ದಷ್ಟೇ ನಮಗೂ ಗೊತ್ತು. ಬಂದವನು ಮಾತುಗಾರ, ದುಡಿಯುವವನು, ಹೆಂಡತಿಯನ್ನು ಪ್ರೀತಿಯಿಂದ ನೋಡಿಕೊಳ್ಳುವವನು. ಹೀಗಾಗಿ ನಾವು ಅವನ ಪರ ವಾಲುತ್ತೇವೆ, ಆಮೇಲೆ ‘ಹೆಂಡತಿಗೆ ಮೊದಲೇ ಗೊತ್ತಿತ್ತಾ’ ಎಂಬ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಘಟನೆಗಳು ಅವೇ, ತೋರಿಸುವ ಕ್ರಮ ಬದಲಾದರೆ ಸಿನಿಮಾವೇ ಬೇರೆ. ಇದಕ್ಕೆ ಫ್ರಾನ್ಸಿನ ಸೆಸಾರ್ ಪ್ರಶಸ್ತಿ ಬಂತು.

ಕಾದಂಬರಿಯಿಂದ ಸಿನಿಮಾ ಮಾಡುವಾಗ ಕಷ್ಟ ಬೇರೆ, ಅಲ್ಲಿ ಕತ್ತರಿ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ. ಜರ್ಮನ್ ಲೇಖಕ ಗುಂಟರ್ ಗ್ರಾಸ್ ಅವರ ‘ದಿ ಟಿನ್ ಡ್ರಮ್’ ದಪ್ಪ ಕಾದಂಬರಿ. ಮೂರನೇ ವಯಸ್ಸಿಗೇ ‘ಇನ್ನು ಬೆಳೆಯುವುದಿಲ್ಲ’ ಎಂದು ತೀರ್ಮಾನಿಸಿದ ಹುಡುಗನ ಕಣ್ಣಲ್ಲಿ ನಾಜಿ ಕಾಲ. ಕಾದಂಬರಿ ಯುದ್ಧದ ನಂತರದ ವರ್ಷಗಳಿಗೂ ಹೋಗುತ್ತದೆ. ಸಿನಿಮಾ (1979) 1945ರಲ್ಲೇ ನಿಂತುಬಿಡುತ್ತದೆ. ಮೂರನೇ ಭಾಗವನ್ನು ಪೂರ್ತಿ ಬಿಟ್ಟರು. ಅದಕ್ಕೆ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಲ್ಲಿ ಪಾಲೂ ಸಿಕ್ಕಿತು, ಆಸ್ಕರ್ ಕೂಡ. ಇನ್ನು ‘ಸಿರಾನೋ ದ ಬೆರ್ಜೆರಾಕ್’ (1990) 1897ರ ಪದ್ಯ ನಾಟಕ, ಸಾಲಿಗೆ ಹನ್ನೆರಡು ಅಕ್ಷರದ ಲಯ. ಗದ್ಯ ಮಾಡಿಬಿಡೋಣ ಎಂಬ ಸುಲಭದ ದಾರಿ ಇತ್ತು. ಕ್ಯಾರಿಯೇರ್ ಮತ್ತು ನಿರ್ದೇಶಕ ರಾಪ್ನೋ ಪದ್ಯವನ್ನೇ ಉಳಿಸಿಕೊಂಡರು. ಉದ್ದ ಕಡಿಮೆ ಮಾಡಿ, ಕತ್ತರಿಸಿದ ಜಾಗದಲ್ಲಿ ಬೆಸುಗೆ ಕಾಣದಂತೆ ಅದೇ ಲಯದಲ್ಲಿ ಸಾಲು ಸೇರಿಸಿದರು.

ಮಹಾಭಾರತ: ಹದಿನೆಂಟು ಪರ್ವ, ಒಂಬತ್ತು ಗಂಟೆ

ನಮಗೆ ಹತ್ತಿರದ ಭಾಗ ಇದು. ಬ್ರಿಟಿಷ್ ರಂಗ ನಿರ್ದೇಶಕ ಪೀಟರ್ ಬ್ರೂಕ್ 1974ರಲ್ಲಿ ಪ್ಯಾರಿಸ್ಸಿನಲ್ಲಿ ಬೂಫ್ ದ್ಯು ನೋರ್ ಎಂಬ ಪಾಳುಬಿದ್ದ ರಂಗಮಂದಿರವನ್ನು ಮತ್ತೆ ತೆರೆದರು. ಕ್ಯಾರಿಯೇರ್ ಅಲ್ಲಿಗೆ ಶೇಕ್ಸ್‌ಪಿಯರ್ ನಾಟಕ ಅನುವಾದಿಸಿಕೊಟ್ಟರು. ಇಬ್ಬರೂ ಫಿಲಿಪ್ ಲಾವಾಸ್ತಿನ್ ಎಂಬ ಸಂಸ್ಕೃತ ವಿದ್ವಾಂಸರ ಮನೆಗೆ ಹೋಗುತ್ತಿದ್ದರು. ಅರ್ಜುನ ಯುದ್ಧ ಶುರುವಾಗುವ ಮೊದಲು ಎರಡು ಸೈನ್ಯಗಳ ನಡುವೆ ರಥ ನಿಲ್ಲಿಸಿದ್ದು ಯಾಕೆ ಎಂದು ಕೇಳಿದರೆ, ಅದಕ್ಕೆ ಹಿಂದಿನದ್ದು ಹೇಳಬೇಕು, ಅದಕ್ಕೂ ಹಿಂದಿನದ್ದು ಹೇಳಬೇಕು. ಹೀಗೆ ಸಂಜೆಗಳು ಬೆಳೆಯುತ್ತಾ ಹೋದವು. ಒಂದು ರಾತ್ರಿ ಮೂರು ಗಂಟೆಗೆ ಅಲ್ಲಿಂದ ಹೊರಗೆ ಬಂದು ರಸ್ತೆಯಲ್ಲಿ ನಿಂತೇ ಇಬ್ಬರೂ ಮಾತು ಕೊಟ್ಟುಕೊಂಡರು, ಇದನ್ನು ರಂಗಕ್ಕೆ ತರಲೇಬೇಕು. ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಮಧ್ಯೆ ಭಾರತದಲ್ಲಿ ಓಡಾಡಿ ಕಥಕ್ಕಳಿ, ತೆಯ್ಯಂ, ಛೌ ಮುಂತಾದ ಕುಣಿತದ ಕಲೆಗಳನ್ನು ನೋಡಿದರು.

1985ರ ಜುಲೈನಲ್ಲಿ ಫ್ರಾನ್ಸಿನ ಆವಿನ್ಯೋನ್ ರಂಗೋತ್ಸವದಲ್ಲಿ, ಊರಾಚೆಯ ಕಲ್ಲು ಕ್ವಾರಿಯೊಂದರಲ್ಲಿ ಮೊದಲ ಪ್ರದರ್ಶನ. ಒಟ್ಟು ಒಂಬತ್ತು ಗಂಟೆ, ಮೂರು ಭಾಗ: ಜೂಜು, ವನವಾಸ, ಯುದ್ಧ. ರಾತ್ರಿಯಿಡೀ ಆಡಿದ ದಿನ ಬೆಳಗಾಗುವ ಹೊತ್ತಿಗೆ ಮುಗಿಯುತ್ತಿತ್ತು. ರಾತ್ರಿಯಿಡೀ ಕೂತು ಯಕ್ಷಗಾನ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಟರು ಹತ್ತಾರು ದೇಶದವರು. ಭೀಷ್ಮ ಪಶ್ಚಿಮ ಆಫ್ರಿಕಾದ ಸೊತಿಗಿ ಕುಯಾತೆ, ದ್ರೋಣ ಜಪಾನಿನ ಯೋಶಿ ಓಯಿದಾ, ದ್ರೌಪದಿ ನಮ್ಮ ಮಲ್ಲಿಕಾ ಸಾರಾಭಾಯಿ.

ಬರಹಗಾರರಾಗಿ ಕ್ಯಾರಿಯೇರ್ ಮಾಡಿದ ಆಯ್ಕೆಗಳನ್ನು ಗಮನಿಸಿ. ಮೊದಲನೆಯದು ಚೌಕಟ್ಟು. ವ್ಯಾಸರು ಹೇಳುತ್ತಾರೆ, ಗಣಪತಿ ಬರೆಯುತ್ತಾನೆ, ಒಬ್ಬ ಪುಟ್ಟ ಹುಡುಗ ಕೇಳುತ್ತಾನೆ. ಮಹಾಭಾರತದ ಗಂಧವೇ ಇಲ್ಲದ ಪ್ರೇಕ್ಷಕರ ಪರವಾಗಿ ಆ ಹುಡುಗ ಪ್ರಶ್ನೆ ಕೇಳುತ್ತಾನೆ. ಹಿನ್ನೆಲೆ ಗೊತ್ತಿಲ್ಲದವರಿಗೆ ವಿವರಣೆ ಕೊಡುವ ಕಷ್ಟ ಹೀಗೆ ಕಥೆಯ ಒಳಗೇ ಕರಗಿತು. ಎರಡನೆಯದು, ಬಿಟ್ಟದ್ದು. ವಿದುರನೇ ಇಲ್ಲ! ನಮಗೆ ನುಂಗುವುದು ಕಷ್ಟ. ಆದರೆ ನಡೆಯುವ ಘಟನೆಗಳನ್ನು ವಿದುರ ಬದಲಿಸುವುದು ಕಡಿಮೆ, ಹೆಚ್ಚಾಗಿ ಬುದ್ಧಿ ಹೇಳುತ್ತಾನೆ, ರಂಗದ ಮೇಲೆ ಪ್ರತಿ ಪಾತ್ರಕ್ಕೂ ನಿಮಿಷದ ಲೆಕ್ಕ. ಮೂರನೆಯದು ಪದ. ಯುರೋಪಿನ ಮಧ್ಯಯುಗದ ಸರದಾರರ ವಾಸನೆ ಹೊಡೆಯುವ ಪದಗಳನ್ನು, ಆಧುನಿಕ ಮನಶ್ಶಾಸ್ತ್ರದ ಪದಗಳನ್ನು ಅವರು ದೂರ ಇಟ್ಟರು. ಪದಗಳ ಮೂಲಕವೂ ಒಂದು ವಸಾಹತು ಕಟ್ಟಿಬಿಡಬಹುದು ಎಂಬ ಅಂಜಿಕೆ ಅವರಿಗಿತ್ತು. ‘ಧರ್ಮ’ ಎಂಬುದನ್ನು ಅನುವಾದಿಸದೆ ಹಾಗೇ ಬಿಟ್ಟರು.

ಇಷ್ಟಾದರೂ ಎಲ್ಲರೂ ಒಪ್ಪಲಿಲ್ಲ. ರುಸ್ತುಂ ಭರುಚಾ ಮುಂತಾದ ಭಾರತೀಯ ವಿಮರ್ಶಕರು ಕಟುವಾಗಿ ಟೀಕಿಸಿದರು. ಮಹಾಕಾವ್ಯವನ್ನು ಅದರ ನೆಲದಿಂದ, ನಂಬಿಕೆಯಿಂದ, ಜಾತಿ ವ್ಯವಸ್ಥೆಯಿಂದ ಕಿತ್ತು ‘ಎಲ್ಲರ ಕಥೆ’ ಮಾಡಿದ್ದಾರೆ, ಗೀತೆಯನ್ನು ಕೆಲವೇ ನಿಮಿಷಕ್ಕೆ ಇಳಿಸಿದ್ದಾರೆ ಎಂಬುದು ತಕರಾರು. ಅದರಲ್ಲಿ ಹುರುಳಿದೆ. ಅದೇ ಹೊತ್ತಿಗೆ ಕನ್ನಡದವರು ಇನ್ನೊಂದನ್ನೂ ನೆನೆಯಬಹುದು. ಪಂಪ ಅರ್ಜುನನನ್ನು ನಾಯಕ ಮಾಡಿ ತನ್ನ ದೊರೆ ಅರಿಕೇಸರಿಯನ್ನು ಅವನಲ್ಲಿ ಕಂಡ. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ. ಎಲ್ಲಿ ಶುರು, ಎಲ್ಲಿ ನಿಲುಗಡೆ, ಯಾರ ಕಣ್ಣಿನಿಂದ ಎಂಬ ಪ್ರಶ್ನೆಗಳು ಅವರ ಮುಂದೆಯೂ ಇದ್ದವು. ವ್ಯತ್ಯಾಸ ಏನೆಂದರೆ, ಅವರು ಕಥೆ ಗೊತ್ತಿದ್ದವರಿಗೆ ಹೇಳುತ್ತಿದ್ದರು.

ಕ್ಯಾರಿಯೇರ್ ಪಾಲಿಗೆ ಭಾರತ ಅಲ್ಲಿಗೆ ಮುಗಿಯಲಿಲ್ಲ. 2001ರಲ್ಲಿ ಭಾರತದ ಬಗ್ಗೆ ನಿಘಂಟಿನ ರೂಪದ ಪ್ರೀತಿಯ ಪುಸ್ತಕ ಬರೆದರು. ದಲೈ ಲಾಮಾ ಜೊತೆ ಮಾತುಕತೆಯ ಪುಸ್ತಕ ತಂದರು. 2015ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು.

ಬರೆದವರ ಹೆಸರು ಎಲ್ಲಿ ಹೋಗುತ್ತದೆ?

ಒಂದು ತಮಾಷೆ ನೋಡಿ. ಬರವಣಿಗೆಗಾಗಿ ಕ್ಯಾರಿಯೇರ್ ಮೂರು ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಬುನ್ಯುಯೆಲ್ ಜೊತೆ ಎರಡು ಸಲ, ‘ದಿ ಅನ್‌ಬೇರಬಲ್ ಲೈಟ್‌ನೆಸ್ ಆಫ್ ಬೀಯಿಂಗ್’ (1988) ಸಿನಿಮಾಕ್ಕೆ ಒಂದು ಸಲ. ಒಮ್ಮೆಯೂ ಗೆಲ್ಲಲಿಲ್ಲ. ಕೈಗೆ ಬಂದ ಮೊದಲ ಆಸ್ಕರ್ ಆ ಟ್ರಾಫಿಕ್ ಕಿರುಚಿತ್ರದ್ದು, ಅದೂ ಬರವಣಿಗೆಯ ವಿಭಾಗದಲ್ಲಿ ಅಲ್ಲ. ಐವತ್ತು ವರ್ಷ ಕಳೆದ ಮೇಲೆ, 2014ರಲ್ಲಿ, ಜೀವಮಾನದ ಕೆಲಸಕ್ಕೆ ಗೌರವ ಆಸ್ಕರ್ ಸಿಕ್ಕಿತು. ಅದೇ ಸಂಜೆ ಜಪಾನಿನ ಹಯಾವೊ ಮಿಯಾಝಾಕಿ ಅವರಿಗೂ ಅದೇ ಗೌರವ.

ಅಷ್ಟರೊಳಗೆ ಅವರು ಕಲಿಸುವ ಕೆಲಸಕ್ಕೂ ಇಳಿದಿದ್ದರು. 1986ರಲ್ಲಿ ಪ್ಯಾರಿಸ್ಸಿನಲ್ಲಿ ಫೆಮಿಸ್ ಎಂಬ ರಾಷ್ಟ್ರೀಯ ಸಿನಿಮಾ ಶಾಲೆ ಶುರುವಾದಾಗ ಅದರ ಅಧ್ಯಕ್ಷರಾಗಿ ವರ್ಷಗಟ್ಟಲೆ ನಡೆಸಿದರು.

ನೋಡುವುದಾದರೆ

ಬುನ್ಯುಯೆಲ್ ಸಿನಿಮಾಗಳಿಂದ ಶುರು ಮಾಡಬೇಡಿ, ತಲೆಬುಡ ತಿಳಿಯದೆ ಬೇಸರ ಬಂದೀತು. ಮೊದಲು ಮಾರ್ಟಿನ್ ಗೇರ್ ನೋಡಿ. ಎರಡು ಗಂಟೆಯ ನೇರ ಕಥೆ, ನಮ್ಮ ಹಳ್ಳಿಯ ಆಸ್ತಿ ಜಗಳದಷ್ಟೇ ಪರಿಚಿತ. ಆಮೇಲೆ ಆ ಊಟದ ಸಿನಿಮಾ. ಅದರಲ್ಲಿ ‘ಅರ್ಥ ಏನು’ ಎಂದು ಹುಡುಕದೆ, ಪ್ರತಿ ಊಟ ಹೇಗೆ ಕೆಡುತ್ತದೆ ಎಂದಷ್ಟೇ ನೋಡುತ್ತಾ ಹೋದರೆ ನಗು ತಾನಾಗಿ ಬರುತ್ತದೆ. ಮಹಾಭಾರತದ ನಾಟಕವನ್ನು ಬ್ರೂಕ್ 1989ರಲ್ಲಿ ಚಿತ್ರೀಕರಿಸಿದ್ದಾರೆ. ಸುಮಾರು ಮೂರು ಗಂಟೆಯ ಥಿಯೇಟರ್ ಆವೃತ್ತಿ ಇದೆ, ಐದು ಗಂಟೆ ಮೀರಿದ ಟಿವಿ ಆವೃತ್ತಿ ಇದೆ. ಪುರುಸೊತ್ತು ಮಾಡಿಕೊಂಡು ಉದ್ದದ್ದನ್ನೇ ನೋಡಿ. ಸಣ್ಣದರಲ್ಲಿ ದೃಶ್ಯಗಳು ಒಂದರ ಬೆನ್ನಿಗೆ ಒಂದು ಓಡುತ್ತವೆ, ಆ ಹುಡುಗ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಷ್ಟು ಹೊತ್ತೂ ಸಿಗುವುದಿಲ್ಲ.